ಯುದ್ಧಕಾಲದಲ್ಲಿ ಐದು ಮನೆ ಬೇಡಿದ್ದು

ಅವ್ವ ಹರಕೆ ಹೊತ್ತದ್ದು ತನ್ನ ಕಾಲಿನ ಮೇಲಲ್ಲ, ನನ್ನ ಕಾಲಿನ ಮೇಲೆ. ಅದು ನನಗೆ ಗೊತ್ತಾದದ್ದು ಹರಕೆ ಫಲಿಸಿದ ಮೇಲೆ.

ತೊಂಬತ್ತೊಂಬತ್ತರ ಬೇಸಿಗೆ. ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿ, ಒಂದು ಟ್ರಂಕು ಪುಸ್ತಕ ಮತ್ತು ಅದಕ್ಕಿಂತ ಭಾರವಾದ ಅಭಿಪ್ರಾಯಗಳನ್ನು ಹೊತ್ತು ಕೊಟ್ಟೂರಿಗೆ ಮರಳಿದ್ದೆ. ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡಿದ್ದ ವಿಷಯ ಹರಕೆ. ‘ಹರಕೆ ಎಂಬುದು ತನ್ನ ಹಿಡಿತದಲ್ಲಿಲ್ಲದ ಸಂಗತಿಯೊಡನೆ ಮನುಷ್ಯ ಮಾಡಿಕೊಳ್ಳುವ ಒಪ್ಪಂದ’ ಎಂದು ಬರೆದು, ಆ ವಾಕ್ಯ ನನಗೇ ಬಹಳ ಇಷ್ಟವಾಗಿ, ಪೀಠಿಕೆಯಲ್ಲೂ ಉಪಸಂಹಾರದಲ್ಲೂ ಬಳಸಿದ್ದೆ. ಪ್ರಬಂಧಕ್ಕಾಗಿ ಊರೂರು ತಿರುಗಿ ಜನರನ್ನು ಮಾತನಾಡಿಸಬೇಕಿತ್ತು. ಗುರುತಿಲ್ಲದವರ ಬಾಗಿಲು ಬಡಿಯುವುದು ನನ್ನಿಂದ ಆಗದ ಕೆಲಸವಾದ್ದರಿಂದ ಹೆಚ್ಚಿನದನ್ನು ಗ್ರಂಥಾಲಯದ ಫ್ಯಾನಿನ ಕೆಳಗೆ ಕುಳಿತೇ ಮುಗಿಸಿದೆ. ಅಂಕಗಳು ಚೆನ್ನಾಗಿಯೇ ಬಂದವು.

ಅಣ್ಣ ಸೇನೆಯಲ್ಲಿದ್ದ. ಪಿ.ಯು.ಸಿ. ಮುಗಿಸಿದವನೇ ಬಳ್ಳಾರಿಯಲ್ಲಿ ನಡೆದ ಭರ್ತಿಗೆ ಅಪ್ಪನಿಗೆ ಹೇಳದೆ ಹೋಗಿ, ಎದೆಯ ಅಳತೆ ಕೊಟ್ಟು ಬಂದವನು. ಅವನು ಉತ್ತರದಲ್ಲಿ ಎಲ್ಲೋ ಇದ್ದಾನೆ ಎಂಬುದಷ್ಟೇ ನಮಗೆ ಗೊತ್ತಿದ್ದದ್ದು. ಅವನ ವಿಳಾಸದಲ್ಲಿ ಊರಿನ ಹೆಸರೇ ಇರಲಿಲ್ಲ, ಬರೀ ಅಂಕಿಗಳು. ಮೇ ತಿಂಗಳಲ್ಲಿ ರೇಡಿಯೊದವರು ಕಾರ್ಗಿಲ್ ಎಂಬ ಹೆಸರನ್ನು ಹೇಳತೊಡಗಿದಾಗ ಅವ್ವ ನನ್ನ ಹಳೆಯ ಶಾಲೆಯ ಅಟ್ಲಾಸು ತೆಗೆಸಿದಳು. ನಾನು ಕಾಶ್ಮೀರದ ಮೇಲೆ ಬೆರಳಿಟ್ಟು ತೋರಿಸಿದೆ. ಅವ್ವ ಆ ಜಾಗಕ್ಕೆ ಕುಂಕುಮ ಹಚ್ಚಿದಳು. ಅಟ್ಲಾಸು ಅಂದಿನಿಂದ ದೇವರ ಜಗಲಿಗೆ ಹೋಯಿತು.

ಆಮೇಲೆ ಅಣ್ಣನಿಂದ ಒಂದು ಮಾತೂ ಇಲ್ಲ.

ಆ ದಿನಗಳಲ್ಲಿ ನಮ್ಮೂರು ಬಿಡುವಿಲ್ಲದೆ ಪೂಜೆ ಮಾಡುತ್ತಿತ್ತು. ಮಠದ ಅಂಗಳದಲ್ಲಿ ಮೃತ್ಯುಂಜಯ ಜಪ. ಮಸೀದಿಯಲ್ಲಿ ಶುಕ್ರವಾರದ ನಮಾಜಿನ ನಂತರ ಸೈನಿಕರಿಗಾಗಿ ದುವಾ. ಬಟ್ಟೆ ಅಂಗಡಿಯ ಜೈನರ ಮನೆಯಲ್ಲಿ ಶಾಂತಿಪೂಜೆ. ಕ್ಷೌರದಂಗಡಿಯವನು ಫಿರಂಗಿಯ ಚಿತ್ರವೊಂದನ್ನು ಪತ್ರಿಕೆಯಿಂದ ಕತ್ತರಿಸಿ ಕನ್ನಡಿಯ ಮೇಲೆ ಅಂಟಿಸಿ ಅದಕ್ಕೆ ದಿನವೂ ಊದಿನಕಡ್ಡಿ ಬೆಳಗುತ್ತಿದ್ದ. ನಮ್ಮ ಸೈನ್ಯ ಒಂದು ಶಿಖರವನ್ನು ಮರಳಿ ಹಿಡಿಯಿತೆಂದು ಸುದ್ದಿ ಬಂದ ದಿನ ಟಿ.ವಿ. ರಿಪೇರಿಯವನ ಅಂಗಡಿಯ ಮುಂದೆ ಹುಡುಗರು ಸೇರಿ ಟಿ.ವಿ.ಗೇ ಕಾಯಿ ಒಡೆದರು. ಅದರ ನೀರು ಒಳಗೆ ಹೋಗಿ ಆ ವಾರವೆಲ್ಲ ಅದರಲ್ಲಿ ಬರೀ ಧ್ವನಿ ಬರುತ್ತಿತ್ತು. ನಾನು ಇದನ್ನೆಲ್ಲ ಸ್ವಲ್ಪ ದೂರದಿಂದ, ಕೈಕಟ್ಟಿಕೊಂಡು, ಸಂಶೋಧಕಿಯ ಮುಖ ಮಾಡಿಕೊಂಡು ನೋಡುತ್ತಿದ್ದೆ.

ಅಪ್ಪನೂ ಕೈಕಟ್ಟಿಕೊಂಡೇ ಇದ್ದರು, ಬೇರೆ ಕಾರಣಕ್ಕೆ. ಕಿರಾಣಿ ಅಂಗಡಿ ನಡೆಸುತ್ತಿದ್ದ ಅಪ್ಪ ಎರಡು ಹೊತ್ತು ಲಿಂಗಪೂಜೆ ತಪ್ಪಿಸದವರು. “ಎದಿ ಮ್ಯಾಲ ಲಿಂಗ ಇಟ್ಕೊಂಡು ಊರು ಮಂದಿ ದೇವರಿಗೆಲ್ಲ ಕೈ ಚಾಚಬಾರದು. ಒಬ್ಬನ್ನ ನಂಬಿದ ಮ್ಯಾಲ ಒಬ್ಬನ್ನ” ಎನ್ನುತ್ತಿದ್ದರು. ಒಂದು ದಿನ ಸ್ನಾನಕ್ಕೆ ಅಂಗಿ ಕಳಚಿದಾಗ ಅವರ ತೋಳಲ್ಲಿ ಹಸಿರು ದಾರ ಕಂಡಿತು.

“ಏನ್ರಿ ಅದು?” ಎಂದಳು ಅವ್ವ.

“ದರ್ಗಾದ್ದು. ಟೇಲರ್ ಕಟ್ಟಿದ. ಅಂವ ಪ್ರೀತಿಲೆ ಕಟ್ಟಾಕ ಬಂದಾಗ ಬ್ಯಾಡ ಅನ್ನೋದು ಹೆಂಗ?”

“ಬ್ಯಾಡ ಅಂತ ನಾ ಅಂದ್ನೇನು? ಎಡಗೈಗೆ ಕಟ್ಟಿಸ್ಕೊಂಡೀರಿ. ಗಂಡಸರಿಗೆ ಬಲಗೈಗೆ ಕಟ್ಟಬೇಕು” ಎಂದು ಅವ್ವ ತಾನೇ ಬಿಚ್ಚಿ ಕಟ್ಟಿದಳು.

ನನ್ನ ವಿಷಯಕ್ಕೆ ಬಂದರೆ, ನಾನು ಯಾವ ಪೂಜೆಯನ್ನೂ ಮಾಡುತ್ತಿರಲಿಲ್ಲ. ಬೆಳಗಿನ ವಾರ್ತೆ ಬರುವಾಗ ನಡುಮನೆಯ ಬಾಗಿಲ ಚೌಕಟ್ಟಿಗೆ ಎಡಭುಜ ಒರಗಿಸಿ ನಿಲ್ಲುತ್ತಿದ್ದೆ, ಅಷ್ಟೆ. ಮೊದಲ ದಿನ ಹಾಗೆ ನಿಂತಾಗ ಕೆಟ್ಟ ಸುದ್ದಿ ಬರಲಿಲ್ಲ. ಎರಡನೆಯ ದಿನವೂ ಹಾಗೇ ನಿಂತೆ. ಒಂದು ದಿನ ಬಲಭುಜ ಒರಗಿಸಿದ್ದು ಗಮನಕ್ಕೆ ಬಂದು, ವಾರ್ತೆಯ ನಡುವೆಯೇ ತಿರುಗಿ ನಿಂತೆ. ಇದನ್ನು ನಾನು ಅಭ್ಯಾಸ ಎಂದು ಕರೆಯುತ್ತಿದ್ದೆ. ಅವ್ವ ಏನೆಂದು ಕರೆಯುತ್ತಿದ್ದಳೋ ಗೊತ್ತಿಲ್ಲ. ಒಮ್ಮೆ ನಾನು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ ಒಳಗಿನಿಂದ ಕೂಗಿದಳು: “ಬಾ ಬೇ ಲಗೂನ, ವಾರ್ತಿ ಸುರುವಾತು. ನಿನ್ನ ಜಾಗಕ್ಕ ನಿಂದ್ರು.”

ಜೂನ್ ತಿಂಗಳ ಒಂದು ಸಂಜೆ ನಾಲ್ಕಂಗಡಿ ಆಚೆಯ ಎಸ್‌ಟಿಡಿ ಬೂತಿನವನು ಓಡಿಬಂದು “ನಿಮ್ಮ ಹುಡುಗನ ಫೋನು” ಎಂದ. ಅಪ್ಪ ಅವ್ವ ಇಬ್ಬರೂ ಬರಿಗಾಲಲ್ಲಿ ಓಡಿದರು. “ಆರಾಮ ಅದೀನವ್ವಾ. ಚಿಂತಿ ಮಾಡಬ್ಯಾಡ್ರಿ” ಎಂದನಂತೆ. ಲೈನು ಕಟ್ಟಾಯಿತಂತೆ. ಅವ್ವ ವಾಪಸು ಬಂದವಳು ಸೀದಾ ನನ್ನ ಮುಂದೆ ಕುಳಿತಳು.

“ಶುಕ್ರವಾರ ನೀ ಐದು ಮನಿ ಬೇಡಬೇಕು.”

“ಏನು ಬೇಡಬೇಕು?”

“ಜೋಗ. ಉಚ್ಚಂಗೆಮ್ಮಗ ಹೊತ್ತೀನಿ. ಅವನ ದನಿ ನನ್ನ ಕಿವಿಗೆ ಬಿದ್ರ ನನ್ನ ಮಗಳ ಕೈಲಿ ಐದು ಮನಿ ಬೇಡಸ್ತೀನಿ ಅಂತ ಹೇಳೀನಿ.”

ಜೋಗವೆಂದರೆ ದೇವಿಯ ಬಿದಿರು ಬುಟ್ಟಿಯನ್ನು, ನಮ್ಮ ಕಡೆ ಅದಕ್ಕೆ ಪಡ್ಲಿಗಿ ಎನ್ನುತ್ತಾರೆ, ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮನೆಮನೆಯ ಮುಂದೆ ನಿಂತು ಭಿಕ್ಷೆ ಕೇಳುವುದು. ನಮ್ಮ ಮನೆತನದಲ್ಲಿ ಈ ಪದ್ಧತಿ ಇರಲಿಲ್ಲ. ಅವ್ವ ಇದನ್ನು ಎದುರುಮನೆಯ ದೊಡ್ಡವ್ವನಿಂದ ತಂದಿದ್ದಳು. ದೊಡ್ಡವ್ವ ನಮಗೆ ಸಂಬಂಧಿಯಲ್ಲ. ಹೊಲದ ಕೂಲಿಗೆ ಹೋಗುವ, ಉಚ್ಚಂಗಿದುರ್ಗದ ಅಮ್ಮನಿಗೆ ತಲೆತಲಾಂತರದಿಂದ ನಡೆದುಕೊಂಡು ಬಂದ ಮನೆಯವಳು. ಎದುರುಮನೆಯಿಂದ ಹೆಪ್ಪು ತಂದಷ್ಟೇ ಸಲೀಸಾಗಿ ಅವ್ವ ಒಂದು ದೇವರನ್ನು ತಂದುಕೊಂಡಿದ್ದಳು.

“ನೀನು ಬೇಡು. ಹೊತ್ತಾಕಿ ನೀನು” ಎಂದೆ.

“ನಾ ಬೇಡಿದ್ರ ಏನು ದೊಡ್ಡದು? ದಿನಾ ಯಾರರ ಮನಿಗೆ ಹೊಕ್ಕೇ ಇರ್ತೀನಿ. ಕೊಡಾಕ ಕಠಿಣ ಅನ್ನಿಸೋದನ್ನ ಆಕಿಗೆ ಕೊಡಬೇಕು. ನೀ ಮಂದಿ ಮನಿ ಹೊಸ್ತಿಲ ತುಳಿಯಾಕಿ ಅಲ್ಲ, ಒಬ್ಬರ ಹತ್ತರ ಒಂದು ಸೂಜಿ ಕೇಳಾಕಿ ಅಲ್ಲ. ಅದಕ್ಕ ನಿನ್ನ ಹೆಸರು ಹೇಳಿದೆ.”

ನನ್ನ ಸಂಕೋಚವನ್ನು ಅವ್ವ ಮನೆಯಲ್ಲಿದ್ದ ಬೆಲೆಬಾಳುವ ಒಡವೆಯಂತೆ ಒತ್ತೆ ಇಟ್ಟಿದ್ದಳು. ನಾನು ಎರಡು ದಿನ ವಾದಿಸಿದೆ. ನಂಬಿಕೆಯಿಲ್ಲದವಳು ಬೇಡಿದರೆ ದೇವಿಗೆ ಮೋಸ ಮಾಡಿದ ಹಾಗೆ ಅಲ್ಲವೇ ಎಂದೆ. “ಆಕಿ ನಿನ್ನ ನಂಬಿಕಿ ಕೇಳಿಲ್ಲ, ಜ್ವಾಳ ಕೇಳ್ಯಾಳ” ಎಂದಳು ದೊಡ್ಡವ್ವ ಬಾಗಿಲಿನಿಂದ. ದೇವಿ ಇಲ್ಲದಿದ್ದರೆ ಬೇಡಿದರೂ ಒಂದೇ, ಬೇಡದಿದ್ದರೂ ಒಂದೇ. ತರ್ಕಕ್ಕೆ ಇಷ್ಟು ಸಾಕು. ಆದರೆ ‘ಬೇಡದಿದ್ದರೂ ಒಂದೇ’ ಎಂಬುದನ್ನು ಬಾಯಿಬಿಟ್ಟು ಹೇಳಲು ಮಾತ್ರ ಆಗಲಿಲ್ಲ. ಯುದ್ಧ ಮುಗಿದಿರಲಿಲ್ಲ. ಅಣ್ಣ ಇನ್ನೂ ಅಲ್ಲೇ ಇದ್ದ. ಅವನಿಗೇನಾದರೂ ಆದರೆ ನನ್ನ ತರ್ಕವನ್ನು ನಾನು ಎಲ್ಲಿಡಲಿ?

ಕೊನೆಗೆ ಒಪ್ಪಿದೆ, ಒಂದು ಷರತ್ತಿನ ಮೇಲೆ. ಕೊಟ್ಟೂರಿನಲ್ಲಿ ಬೇಡುವುದಿಲ್ಲ. ನನ್ನನ್ನು ಯಾರೂ ಅರಿಯದ ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಹೋಗಿ ಬೇಡಿ ಬರುತ್ತೇನೆ.

ದೊಡ್ಡವ್ವ ಗಲ್ಲಕ್ಕೆ ಕೈ ಹಚ್ಚಿದಳು. “ಬಸ್ ಹತ್ತಿ ಹೋಗಿ ಬೇಡಿದೋರ್ನ ನಾ ಇವತ್ತಿನ ತನ ಕಂಡಿಲ್ಲ. ನಮ್ಮೂರಾಗ ಮನಿಗೇನು ಬರ ಬಂದೈತೇನು?”

“ಹೋಗ್ಲಿ ಬಿಡಕ್ಕ, ಅವರಪ್ಪಗೂ ಗೊತ್ತಾಗಂಗಿಲ್ಲ” ಎಂದಳು ಅವ್ವ.

ಶುಕ್ರವಾರ ಬೆಳಿಗ್ಗೆ ತಲೆಗೆ ಎರೆದುಕೊಂಡು ಹೊರಟೆ. ದೊಡ್ಡವ್ವ ಬೇವಿನೆಸಳು, ಭಂಡಾರ ಹಾಕಿ ಸಜ್ಜು ಮಾಡಿಕೊಟ್ಟ ಪಡ್ಲಿಗಿಯನ್ನು ಧಾರವಾಡದಲ್ಲಿ ಪುಸ್ತಕ ಹೊರುತ್ತಿದ್ದ ಬಗಲಚೀಲದೊಳಗೆ ಹುದುಗಿಸಿದ್ದೆ. ಅದು ಚೀಲದ ಬಾಯಿಗಿಂತ ಅಗಲವಾಗಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವಳು “ಕೋಳಿ ಐತೇನು ಒಳಗ?” ಎಂದು ಕೇಳಿದಳು. ಹೌದೆಂದೆ. ಬುಟ್ಟಿ ಎಂದರೆ ಯಾವ ಬುಟ್ಟಿ ಎಂದು ಹೇಳಬೇಕಾಗುತ್ತಿತ್ತು. ಇಳಿಯುವವರೆಗೂ ಅವಳು ಕೋಳಿಗೆ ಗಾಳಿ ಆಡಲೆಂದು ಚೀಲದ ಬಾಯನ್ನು ಆಗಾಗ ಬಿಡಿಸಲು ನೋಡುತ್ತಿದ್ದಳು.

ಹಗರಿಬೊಮ್ಮನಹಳ್ಳಿಯಲ್ಲಿ ಬಸ್‌ಸ್ಟ್ಯಾಂಡಿನಿಂದ ದೂರದ ಒಂದು ಓಣಿ ಹಿಡಿದು, ಬೇವಿನಮರದ ಮರೆಯಲ್ಲಿ ಚಪ್ಪಲಿ ಕಳಚಿ, ಪಡ್ಲಿಗಿ ಹೊರತೆಗೆದೆ. ಮೊದಲ ಮನೆಯ ಮುಂದೆ ನಿಂತೆ. ‘ಉಧೋ ಉಧೋ’ ಎಂದು ಕೂಗಬೇಕು. ಬಾಯಿ ತೆರೆದೆ, ದನಿ ಬರಲಿಲ್ಲ. ಕೊನೆಗೆ ಕೆಮ್ಮಿದೆ. ಒಬ್ಬ ನಡುವಯಸ್ಸಿನ ಹೆಂಗಸು ಹೊರಗೆ ಬಂದು ನನ್ನ ಕನ್ನಡಕ, ಕೈಗಡಿಯಾರ ನೋಡಿದಳು.

“ಪೋಲಿಯೊ ಹನಿ ಹಾಕೋರೇನ್ರಿ? ನಮ್ಮ ಮನ್ಯಾಗ ಸಣ್ಣ ಹುಡುಗರಿಲ್ಲ.”

“ಅಲ್ರಿ. ಜೋಗಕ್ಕ ಬಂದೀನಿ.”

“ಯಾತಕ್ಕ?”

“ಜೋಗಕ್ಕ. ಉಚ್ಚಂಗೆಮ್ಮನ ಜೋಗ.” ಬುಟ್ಟಿ ಮುಂದೆ ಹಿಡಿದೆ.

ಆಕೆ ಒಳಗೆ ತಿರುಗಿ “ಏ ಬಾರಬೇ ಇಲ್ಲಿ, ವಾಚ್ ಕಟ್ಟಿದ ಜೋಗ್ತಿ ಬಂದಾಳ ನೋಡು” ಎಂದು ಸೊಸೆಯನ್ನು ಕರೆದಳು. ಇಬ್ಬರೂ ನಿಂತು ನೋಡಿದರು. ಯಾವ ಊರು, ಯಾರ ಮಗಳು, ಮದುವೆ ಆಗಿದೆಯೇ, ಓದಿದವಳಿದ್ದು ಈ ಸ್ಥಿತಿ ಏಕೆ, ಮನೆಯಲ್ಲಿ ಹೊರಗೆ ಹಾಕಿದರೇ ಎಂದು ಒಂದರ ಮೇಲೊಂದು ಕೇಳಿದರು. ಆಗ ನನ್ನ ಉಪಾಯದ ಮಟ್ಟ ನನಗೆ ತಿಳಿಯಿತು. ನಮ್ಮ ಓಣಿಯಲ್ಲೇ ಬೇಡಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಎಲ್ಲ ಗೊತ್ತಿತ್ತು. ಗುಟ್ಟು ಉಳಿಸಿಕೊಳ್ಳಲು ಇಷ್ಟು ದೂರ ಬಂದು, ಈಗ ಪ್ರತಿ ಬಾಗಿಲಲ್ಲೂ ಮನೆಯ ವಿಷಯವನ್ನೆಲ್ಲ ಬಿಡಿಸಿ ಹೇಳಬೇಕಿತ್ತು.

“ನಮ್ಮಣ್ಣ ಮಿಲಿಟರ್ಯಾಗ ಅದಾನ್ರಿ. ಯುದ್ಧ ನಡದೈತಲ್ಲ, ಅಲ್ಲಿ. ನಮ್ಮವ್ವ ಹೊತ್ತಿದ್ಲು.”

ಸೊಸೆ ಮೊರದ ತುಂಬ ಜೋಳ ತಂದು ಸುರಿದಳು. ಅತ್ತೆ ಬುಟ್ಟಿಗೆ ಕೈ ಮುಗಿದು, ನಾನು ಹಿಂದೆ ಸರಿಯುವುದರೊಳಗೆ ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ಜೋಗಕ್ಕೆ ಬಂದವರು ಯಾರೇ ಆಗಲಿ ದೇವಿಯೇ ಬಂದಂತೆ ಎಂದು ನನ್ನ ಪ್ರಬಂಧದಲ್ಲಿತ್ತು. ನಮಸ್ಕಾರ ಮಾಡಿಸಿಕೊಂಡ ದೇವಿ ಆಗ ಮುಖ ಎತ್ತ ತಿರುಗಿಸಬೇಕು ಎಂಬುದು ಇರಲಿಲ್ಲ. “ಥ್ಯಾಂಕ್ಸ್ ರೀ” ಎಂದುಬಿಟ್ಟೆ.

ಎರಡನೆಯ ಮನೆಯ ಕಟ್ಟೆಯ ಮೇಲೆ ನಿವೃತ್ತ ಮೇಷ್ಟರೊಬ್ಬರು ಪತ್ರಿಕೆ ಓದುತ್ತಿದ್ದರು. ನನ್ನನ್ನು ನೋಡಿದವರೇ ಪತ್ರಿಕೆ ಮಡಿಚಿದರು. ದೇವರ ಹೆಸರಲ್ಲಿ ಭಿಕ್ಷೆ ಬೇಡುವುದು ಹೆಣ್ಣಿಗೆ ಎಂಥ ಅವಮಾನ, ಭಯವೇ ಎಲ್ಲ ಮೂಢನಂಬಿಕೆಯ ತಾಯಿ, ವಿದ್ಯಾವಂತರೇ ಹೀಗಾದರೆ ಹೇಗೆ ಎಂದು ನಿಧಾನವಾಗಿ, ಶುದ್ಧವಾಗಿ ಮಾತನಾಡಿದರು. ಪ್ರತಿ ವಾಕ್ಯವೂ ನನ್ನದೇ. ಒಂದೆರಡು ಕಡೆ ಅವರು ಪದಕ್ಕಾಗಿ ತಡಕಾಡಿದಾಗ ನಾನೇ ಒದಗಿಸಿದೆ. ‘ಶೋಷಣೆ’ ಎಂದೆ. “ಹಾಂ, ಶೋಷಣೆ” ಎಂದರು. ಬಿಸಿಲಲ್ಲಿ ಬುಟ್ಟಿ ಹಿಡಿದು ನಿಂತು ಅದನ್ನೆಲ್ಲ ಕೇಳಿಸಿಕೊಳ್ಳುವಾಗ, ಈ ಮಾತುಗಳು ಇಷ್ಟು ಉದ್ದ ಇವೆಯೆಂದು ನನಗೆ ತಿಳಿದಿರಲಿಲ್ಲ ಅನ್ನಿಸಿತು.

ಒಳಗಿನಿಂದ ಹೆಂಡತಿಯ ದನಿ ಬಂತು: “ಪಾಠ ಸಾಕು ಮಾಡ್ರಿ. ಆ ಹುಡುಗಿ ಕಾಲು ಸುಡ್ತಾವು. ಕೊಟ್ಟು ಕಳಸ್ರಿ.”

“ಯಾಕ ಬೇಡಾಕತ್ತೀಯವ್ವಾ?” ಎಂದು ಮೇಷ್ಟರು ಆಗ ಕೇಳಿದರು. ಹೇಳಿದೆ. ಅವರು ಪತ್ರಿಕೆಯ ಮೊದಲ ಪುಟವನ್ನೊಮ್ಮೆ ನೋಡಿ ಎದ್ದು ಒಳಗೆ ಹೋಗಿ ತಾವೇ ಜೋಳ ತಂದರು. “ಇದು ದೇವಿಗಲ್ಲ. ನಿಮ್ಮಣ್ಣಗ. ತಿಳೀತಿಲ್ಲೋ?” ಎಂದರು. ಬುಟ್ಟಿಗೆ ಹಾಕುವಾಗ ಮಾತ್ರ ಚಪ್ಪಲಿ ಬಿಟ್ಟಿದ್ದರು.

ಮೂರನೆಯ ಮನೆಯಲ್ಲಿ ಬಾಗಿಲಿಗೆ ಬಂದ ಹೆಂಗಸು ತಲೆಯ ಮೇಲಿನ ಸೆರಗು ಸರಿಪಡಿಸಿಕೊಳ್ಳುತ್ತ, “ನಮ್ಮದು ಸಾಬರ ಮನಿ ತಾಯಿ. ನಡೀತೈತೇನು?” ಎಂದು ಕೇಳಿದಳು. ನಡೆಯುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಲೆಂದೇ ನನ್ನ ಮಾರ್ಗದರ್ಶಕರು ನನ್ನನ್ನು ಊರೂರು ತಿರುಗಲು ಹೇಳಿದ್ದು.

“ನಡೀತೈತ್ರಿ” ಎಂದೆ, ದೇವಿಯ ಪರವಾಗಿ.

“ನಮ್ಮ ಮೊಹರಂ ಪೀರಲ ಹಬ್ಬಕ್ಕ ನಿಮ್ಮೋರು ಫಕೀರ ಆಗಿ ನಮ್ಮ ಬಾಗಿಲಿಗೆ ಬರ್ತಾರಲ್ಲ, ಅವರಿಗೂ ನಾವು ಹಾಕ್ತೀವಿ. ನಿನಗ ಹಾಕಾಕ ಏನು?” ಎಂದು ಅಕ್ಕಿ, ಮೇಲೊಂದು ಬೆಲ್ಲದ ಉಂಡೆ ಹಾಕಿದಳು. ಹೊರಡುವಾಗ ಕೂಗಿ ಹೇಳಿದಳು: “ಬರಿಗಾಲಿಲೆ ಆ ಕಡೆ ಹೋಗಬ್ಯಾಡ, ಜಾಲಿ ಮುಳ್ಳು ಅದಾವು.”

ಮುಂದಿನ ಮನೆಯ ಕಟ್ಟೆಯ ಮೇಲೆ ಏಳೆಂಟು ಜನ ಮಾತಿಲ್ಲದೆ ಕುಳಿತಿದ್ದರು. ಹತ್ತಿರ ಹೋಗುತ್ತಲೇ ಒಬ್ಬ ಹೆಂಗಸು ಕೈ ಅಡ್ಡ ಮಾಡಿದಳು. “ಇಲ್ಲಿ ಬ್ಯಾಡವ್ವಾ. ಸೂತಕ ಐತಿ.”

ಸಾವಿನ ಮನೆಯಲ್ಲಿ ಜೋಗ ಬೇಡಬಾರದು. ಅಲ್ಲಿಂದ ಹಾಗೇ ತಿರುಗಬೇಕಿತ್ತು. ತಿರುಗಲಾಗಲಿಲ್ಲ. “ಮಿಲಿಟರ್ಯಾಗ ಇದ್ರೇನ್ರಿ?” ಎಂದು ಕೇಳಿದೆ.

“ಮಿಲಿಟರಿ ಎಲ್ಲೀದು? ನಮ್ಮ ಮಾವ. ಬಾಯಾಗ ಒಂದು ಹಲ್ಲಿರಲಿಲ್ಲ, ಹಾಸಿಗಿ ಹಿಡಿದು ಮೂರು ವರ್ಷಾಗಿತ್ತು.”

“ಅಬ್ಬಾ! ಚಲೋ ಆತ್ರಿ!” ಎಂದೆ.

ಎಲ್ಲರೂ ತಲೆಯೆತ್ತಿ ನೋಡಿದರು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗೋಣವೆಂದು ನಿಂತಿದ್ದೆ. ಆ ಹೆಂಗಸು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನನ್ನನ್ನು ಸ್ವಲ್ಪ ದೂರ ನಡೆಸಿಕೊಂಡು ಬಂದು ಮೆಲ್ಲಗೆ, “ನಮಗೂ ಹಂಗ ಅನ್ನಿಸೈತಿ ತಂಗಿ. ಬಾಯಿ ಬಿಟ್ಟು ಹೇಳಾಕ ಬರಂಗಿಲ್ಲ” ಎಂದು, ಮುಂದಿನ ಎರಡು ಮನೆ ತೋರಿಸಿದಳು.

ನಾಲ್ಕನೆಯ ಮನೆಯಲ್ಲಿ ಹಾಕಿಸಿಕೊಂಡು ಐದನೆಯದಕ್ಕೆ ಬಂದಾಗ ನನಗೆ ಧೈರ್ಯ ಬಂದಿತ್ತು. ಗಟ್ಟಿಯಾಗಿ “ಉಧೋ ಉಧೋ!” ಎಂದು ಕೂಗಿದೆ. ಬಾಗಿಲು ತೆರೆದವಳು ನನ್ನನ್ನು ನೋಡಿ ಎರಡೂ ಕೈ ಕೆನ್ನೆಗೆ ಒತ್ತಿಕೊಂಡಳು.

“ಅಯ್ಯ! ನೀ ಕೊಟ್ಟೂರಿನ ಕಿರಾಣಿ ಅಂಗಡಿಯೋರ ಮಗಳಲ್ಲೇನು? ನಿಮ್ಮಪ್ಪನ ಕಡೆ ನಮ್ಮವ್ರು ಬೆಲ್ಲ ಹಾಕ್ತಾರಲ್ಲ!”

ನಾನು ಕೊಟ್ಟೂರಿನಲ್ಲಿ ಬಸ್ಸು ಇಳಿಯುವ ಮೊದಲೇ ಸುದ್ದಿ ಅಪ್ಪನನ್ನು ಮುಟ್ಟಿತ್ತು. ಅಂಗಡಿ ಮುಚ್ಚಿ ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಬಗಲಚೀಲದಿಂದ ಪಡ್ಲಿಗಿ ಹೊರಗೆ ಬಂದದ್ದನ್ನು ನೋಡಿದರು. ಅವ್ವ ಒಳಗೆ ಪಾತ್ರೆ ಸಪ್ಪಳವನ್ನೇ ನಿಲ್ಲಿಸಿದಳು.

“ಏನೇನು ಹಾಕ್ಯಾರ?” ಎಂದರು ಅಪ್ಪ.

“ಜ್ವಾಳ. ಅಕ್ಕಿ. ಬೆಲ್ಲ.”

ಒಂದು ಹಿಡಿ ಜೋಳ ತೆಗೆದು ಅಂಗೈಯಲ್ಲಿ ಆಡಿಸಿ ನೋಡಿದರು. “ಜ್ವಾಳ ಚಲೋ ಅದಾವು” ಎಂದರು. ಆ ರಾತ್ರಿ ಎಡೆ ಕೊಟ್ಟಾದ ಮೇಲೆ ಅದೇ ಜೋಳದ ರೊಟ್ಟಿ ಉಂಡು, ಬಾಯಿ ಒರೆಸಿಕೊಳ್ಳುತ್ತ, ನನಗೆ ಮಾತ್ರ ಕೇಳುವಂತೆ “ಮುಂದಿನ ಸಲ ಹೊಕ್ಕಿದ್ರ ನನಗ ಹೇಳಿ ಹೋಗು. ಚೀಲ ಕೊಡ್ತೀನಿ” ಎಂದರು.

ಜುಲೈ ಮುಗಿಯುವ ಹೊತ್ತಿಗೆ ಯುದ್ಧವೂ ಮುಗಿಯಿತು. ದಸರೆಗೆ ಅಣ್ಣ ರಜೆಯ ಮೇಲೆ ಬಂದ. ತೆಳ್ಳಗಾಗಿದ್ದ, ಮೀಸೆ ದಪ್ಪವಾಗಿತ್ತು. ನಮ್ಮ ನಡುಮನೆಯಲ್ಲಿ ಅವನನ್ನು ಕಾಪಾಡಿದವರ ಸಭೆ ಸೇರಿತು. ಜಪ ಮಾಡಿಸಿದವರು ಜಪವೆಂದರು. “ನಾ ಕಟ್ಟಿದ ದಾರ ಅಂಗಡಿ ಸಾವ್ಕಾರ್ರ ಕೈಯಾಗ ಇನ್ನೂ ಐತಿ, ನೋಡ್ಕೋರಿ” ಎಂದು ಟೇಲರ್ ಸಾಕ್ಷಿ ಸಮೇತ ವಾದಿಸಿದ. ಅಪ್ಪ ಎದೆಯ ಮೇಲೆ ಕೈಯಿಟ್ಟು “ಎಲ್ಲಾ ಅವಂದ” ಎಂದರು. ದೊಡ್ಡವ್ವ ಎಲೆ ಅಡಿಕೆ ಜಗಿಯುತ್ತ, “ನಿಮ್ಮ ನಿಮ್ಮೋರು ಏನು ಮಾಡ್ಯಾರೋ ನಾ ಕಾಣೆ. ನಮ್ಮಾಕಿ ಫೋನ್ ಮಾಡಿಸ್ಯಾಳ” ಎಂದಳು.

ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಬಾಗಿಲ ಚೌಕಟ್ಟಿನ ವಿಷಯ ಹೇಳುವಂಥದಲ್ಲ. ಆದರೆ ಆ ಐದು ಮನೆ ಬೇಡಿದವಳು ನಾನು, ಸುಟ್ಟದ್ದು ನನ್ನ ಅಂಗಾಲು. ಇವರಲ್ಲಿ ಒಬ್ಬರಾದರೂ ನನ್ನ ಹೆಸರೆತ್ತುವರೇ ಎಂದು ಕಾಯುತ್ತ, ಚಹಾವನ್ನು ಬೇಕಾದುದಕ್ಕಿಂತ ಎರಡು ಸಲ ಹೆಚ್ಚಿಗೆ ಸೋಸಿದೆ. ನಂಬದೆ ಇದ್ದವಳಿಗೂ ಪಾಲು ಬೇಕಾಗಿತ್ತು.

ಆ ಮಂಗಳವಾರ ಉಚ್ಚಂಗಿದುರ್ಗಕ್ಕೆ ಹೋದೆವು. ಬೇಡಿ ಬಂದ ಮೇಲೆ ಬುಟ್ಟಿಯನ್ನು ಅಮ್ಮನ ಮುಂದೆ ತುಂಬಿಸಿ ಕೊಡಬೇಕು, ಅಲ್ಲಿಗೆ ಹರಕೆ ತೀರಿತು. ಅವ್ವ, ದೊಡ್ಡವ್ವ ಮುಂದೆ ಗುಡ್ಡದ ಮೆಟ್ಟಿಲು ಹತ್ತುತ್ತಿದ್ದರು. ಅಣ್ಣ ಮತ್ತು ನಾನು ಹಿಂದೆ ಬಿದ್ದಿದ್ದೆವು. ಆಗ ನಾನೇ ಬಾಯಿಬಿಟ್ಟು ಹಗರಿಬೊಮ್ಮನಹಳ್ಳಿಯ ಕತೆ ಹೇಳಿದೆ. ಕೋಳಿಯ ಸುದ್ದಿಗೇ ಅವನು ಮೆಟ್ಟಿಲ ಮೇಲೆ ಕುಳಿತು ಬಿದ್ದುಬಿದ್ದು ನಕ್ಕ. ನಗು ನಿಂತ ಮೇಲೆ ಹೇಳಿದ:

“ಲೇ, ಒಂದು ಮಾತು. ಅವ್ವಗ ಹೇಳಬ್ಯಾಡ. ನಾ ಇದ್ದದ್ದು ರೇಷನ್ ಸ್ಟೋರಿನ್ಯಾಗ. ಗುಂಡು ಬೀಳ್ತಿದ್ದ ಜಾಗ ಅಲ್ಲಿಂದ ಒಂದು ದಿನದ ದಾರಿ. ನನ್ನ ಮ್ಯಾಲ ಬ್ಯಾಳಿ ಚೀಲ ಬಿತ್ತು, ಅಷ್ಟ ನನಗಾದ ಗಾಯ.”

ನನಗೆ ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಜಪ, ದುವಾ, ದಾರ, ಪಡ್ಲಿಗಿ, ನನ್ನ ಎಡಭುಜ ಎಲ್ಲ ಸೇರಿ ಕಾಪಾಡಿದ್ದು ಒಂದು ಉಗ್ರಾಣವನ್ನು.

“ನಾ ಲಾರಿ ತುಂಬಿಸಿ ಕೊಡ್ತಿದ್ದೆ” ಎಂದು ಅವನು ಮುಂದುವರಿಸಿದ. “ಒಬ್ಬ ಡ್ರೈವರ್ ಇದ್ದ, ಬಿಹಾರದಂವ. ದಿನಾ ಜಗಳ ಮಾಡಾಂವ, ಚೀಲ ಸರಿ ಜೋಡಿಸಿಲ್ಲ ಅಂತ. ತೋಳಿನ ಮ್ಯಾಲ ಅವರವ್ವನ ಹೆಸರಿನ ಹಚ್ಚಿ ಹಾಕಿಸಿದ್ದ. ಒಂದಿನ ನಾನ ತುಂಬಿಸಿದ ಲಾರಿ ತಗೊಂಡು ಮ್ಯಾಲ ಹೋದ. ಶೆಲ್ ಬಿತ್ತು. ಬರಲಿಲ್ಲ.” ಮುಖವನ್ನು ಕೆಳಗಿನ ಹೊಲಗಳ ಕಡೆ ತಿರುಗಿಸಿದ. “ಅವರವ್ವ ಏನೂ ಬೇಡಿರಲಿಕ್ಕಿಲ್ಲ ಅಂತೀಯೇನು? ನೀ ಇದರ ಮ್ಯಾಲ ಓದೀಯಲ್ಲ. ಹೇಳು.”

ಓದಿದ್ದೆ. ಮೇಲಿನಿಂದ ಅವ್ವ “ಬರ್ರೋ, ಪೂಜಾರಿ ಕಾಯಾಕತ್ಯಾನ” ಎಂದು ಕೂಗಿದಳು. ಅಣ್ಣ ಎದ್ದು ಪ್ಯಾಂಟಿನ ದೂಳು ಕೊಡವಿಕೊಂಡ.

ಗುಡಿಯಲ್ಲಿ ಅವ್ವ ಪಡ್ಲಿಗಿ ತುಂಬಿಸಿದಳು. ಪೂಜಾರಿ ಕುಂಕುಮ ಹಿಡಿದು ಅಣ್ಣನ ಕಡೆ ನೋಡಿ, “ಯಾರ ಹೆಸರಿಲೆ ಪೂಜಿ ಮಾಡ್ಲಿ?” ಎಂದ. ಅಣ್ಣ ತನ್ನ ಹೆಸರು ಹೇಳಲಿಲ್ಲ. ಒಬ್ಬ ಹೆಂಗಸಿನ ಹೆಸರು ಹೇಳಿದ, ನಮ್ಮ ಕಡೆ ಯಾರೂ ಇಡದ ಹೆಸರು.

ಅವ್ವ ಸರಕ್ಕನೆ ನನ್ನ ಮೊಣಕೈ ಹಿಡಿದು ಕಂಬದ ಮರೆಗೆ ಎಳೆದಳು. “ಯಾರಾಕಿ? ಅಲ್ಲಿ ಯಾರ್ನರ ಗಂಟು ಬಿದ್ದಾನೇನು? ಹಿಂದಿಯಾಕಿ?”

“ಹಂಗಲ್ಲ ಅವ್ವ.”

“ನಿಂಗ ಗೊತ್ತೈತಿ. ನಿನ್ನ ಮಾರಿ ಹೇಳ್ತೈತಿ. ವಯಸ್ಸೆಷ್ಟು ಆಕಿಗೆ?”

“ನಿನ್ನಷ್ಟ ಇರಬೇಕು.”

ಅವ್ವನ ಕಣ್ಣು ದೊಡ್ಡವಾದವು. “ಅಯ್ಯ ಶಿವನ! ಮದಿವಿ ಆಗಿರಾಕಿ ಏನು?”

“ಆಗೈತಿ. ಒಬ್ಬ ಮಗ ಇದ್ದ. ಯುದ್ಧದಾಗ ಹೋದ. ಅಣ್ಣನ ಜತಿಗೆ ಇದ್ದಂವ.”

ಅವ್ವ ನನ್ನ ಕೈ ಬಿಟ್ಟಳು. ಗರ್ಭಗುಡಿಯ ಮುಂದೆ ನಮ್ಮತ್ತ ಬೆನ್ನು ಮಾಡಿ ನಿಂತಿದ್ದ ಅಣ್ಣನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹೋಗಿ ಅವನ ಪಕ್ಕದಲ್ಲಿ ನಿಂತು, ಪೂಜಾರಿಗೆ “ಇನ್ನೊಂದ್ಸಲ ಮಾಡ್ರಿ, ನನ್ನ ಕಡಿಯಿಂದ, ಅದ ಹೆಸರಿಲೆ” ಎಂದು ಆ ಹೆಸರನ್ನು ತಾನೇ ಹೇಳಿದಳು. ತಪ್ಪಾಗಿ ಹೇಳಿದಳು. ಪೂಜಾರಿ ಅದನ್ನು ಇನ್ನಷ್ಟು ತಪ್ಪಾಗಿ ಹೇಳಿ ಗಂಟೆ ಬಾರಿಸಿದ. ತಿದ್ದಲೆಂದು ಬಾಯಿ ತೆರೆದವಳು ಸುಮ್ಮನೆ ಮುಚ್ಚಿಕೊಂಡೆ. ಕೈಗಳು ಎಲ್ಲಿರಬೇಕೆಂದು ತಿಳಿಯದೆ, ಅವ್ವನನ್ನು ನೋಡಿ, ಅವಳು ಹಿಡಿದ ಹಾಗೆ ಹಿಡಿದುಕೊಂಡೆ.